ತಂತ್ರಾಂಶ ಪ್ರಶ್ನೋತ್ತರ: ಲೈಬ್ರರಿಯ ಬಾಲದಲ್ಲಿರುವ ಸಂಖ್ಯೆ

ಪ್ರಶ್ನೆ: ನಮ್ಮ ಕಾಲೇಜಿನ ಕಂಪ್ಯೂಟರ್‌ಗಳನ್ನು ಉಬುಂಟು 20.04ರಿಂದ 22.04ಕ್ಕೆ ಏರಿಸಿದೆವು. ಶುಲ್ಕದ ಲೆಕ್ಕ ಇಡುವ ಹಳೆಯ ತಂತ್ರಾಂಶದ ಡೆಬ್ ಪ್ಯಾಕೇಜು ಯಾವ ತಕರಾರೂ ಇಲ್ಲದೆ ಇನ್‌ಸ್ಟಾಲ್ ಆಯಿತು. ಆದರೆ ತೆರೆಯಹೋದರೆ ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1’ ಸಿಗುತ್ತಿಲ್ಲವೆಂದು ನಿಂತುಬಿಡುತ್ತದೆ. ಪ್ಯಾಕೇಜಿಗೆ ಯಾವ ಶೇರ್ಡ್ ಲೈಬ್ರರಿ (ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಕಡತ), ಅದರ ಯಾವ ಆವೃತ್ತಿ ಬೇಕೆಂದು ಮೊದಲೇ ತಿಳಿಯಬಹುದೇ? ಹೊಸ ಲೈಬ್ರರಿಗೇ ಹಳೆಯ ಹೆಸರಿನ ಲಿಂಕ್ ಕೊಟ್ಟರೆ ಸಾಲದೇ?
– ಓದುಗರು, ಶಿವಮೊಗ್ಗ

ಉತ್ತರ: ಲಿಂಕ್ ಕೊಡುವ ಉಪಾಯವನ್ನು ದಯವಿಟ್ಟು ಕೈಬಿಡಿ, ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲ ಪ್ರಶ್ನೆಗೆ, ತಿಳಿಯಬಹುದು, ಅದೂ ಪ್ರೋಗ್ರಾಮನ್ನು ಓಡಿಸದೆಯೇ.

ಲಿನಕ್ಸ್‌ನಲ್ಲಿ ಪ್ರೋಗ್ರಾಮಿನ ಕಡತವು ತನಗೆ ಬೇಕಾದ ಲೈಬ್ರರಿಗಳ ಹೆಸರನ್ನು ತನ್ನೊಳಗೇ ಬರೆದಿಟ್ಟುಕೊಂಡಿರುತ್ತದೆ. ಪ್ಯಾಕೇಜನ್ನು ‘ಡಿಪಿಕೆಜಿ-ಡೆಬ್’ ಆಜ್ಞೆಯಿಂದ ಒಂದು ಖಾಲಿ ಫೋಲ್ಡರಿಗೆ ಬಿಚ್ಚಿಕೊಂಡು, ಒಳಗಿನ ಪ್ರೋಗ್ರಾಮಿನ ಮೇಲೆ ‘ರೀಡ್‌ಎಲ್ಫ್ -ಡಿ’ ಪ್ರಯೋಗಿಸಿದರೆ ‘ನೀಡೆಡ್’ ಎಂಬ ಗುರುತಿನ ಸಾಲುಗಳು ಒಂದರ ಕೆಳಗೊಂದು ಬರುತ್ತವೆ. ನಿಮ್ಮನ್ನು ಕಾಡುತ್ತಿರುವ ಹೆಸರು ಅವುಗಳಲ್ಲೊಂದಾಗಿರಬಹುದು. ಇದೇ ಕೆಲಸಕ್ಕೆ ಹಲವರು ‘ಎಲ್‌ಡಿಡಿ’ ಬಳಸುತ್ತಾರೆ. ಆದರೆ ಕೆಲವು ಸಂದರ್ಭಗಳಲ್ಲಿ ಅದು ಪ್ರೋಗ್ರಾಮನ್ನೇ ಓಡಿಸಿಬಿಡಬಹುದಾದ್ದರಿಂದ, ನಂಬಿಕೆಯಿಲ್ಲದ ಕಡೆಯಿಂದ ಬಂದ ಕಡತಕ್ಕೆ ಅದು ಸಲ್ಲದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ.

ಇನ್‌ಸ್ಟಾಲ್ ಆಗುವಾಗ ತಕರಾರು ಏಕೆ ಬರಲಿಲ್ಲ? ಉಬುಂಟುವಿಗೆ ಮೂಲವಾದ ಡೆಬಿಯನ್‌ನ ಪದ್ಧತಿಯಂತೆ ಪ್ಯಾಕೇಜು ಕಟ್ಟುವಾಗ ‘ಡಿಪಿಕೆಜಿ-ಎಸ್‌ಎಚ್‌ಲಿಬ್‌ಡೆಪ್ಸ್’ ಎಂಬ ಸಾಧನವು ಈ ‘ನೀಡೆಡ್’ ಸಾಲುಗಳನ್ನು ಓದಿ, ಆಯಾ ಲೈಬ್ರರಿ ಯಾವ ಪ್ಯಾಕೇಜಿನಲ್ಲಿದೆಯೆಂದು ಹುಡುಕಿ, ಅವಲಂಬನೆಯ ಪಟ್ಟಿಯನ್ನು ತಾನೇ ತುಂಬಿಕೊಡುತ್ತದೆ. ಆ ಕ್ರಮವನ್ನು ಬಿಟ್ಟು ಕಡತಗಳನ್ನು ಗಂಟುಕಟ್ಟಿ ಡೆಬ್ ಎಂದು ಕೊಡುವವರು ಕಡಿಮೆಯೇನಲ್ಲ. ಹಾಗೆ ಕಟ್ಟಿದ ಪ್ಯಾಕೇಜಿನ ಪಟ್ಟಿ ಖಾಲಿಯಿದ್ದರೆ ಇನ್‌ಸ್ಟಾಲ್ ಮಾಡುವ ಸಾಧನಕ್ಕೆ ಆಕ್ಷೇಪಿಸಲು ಏನೂ ಉಳಿಯುವುದಿಲ್ಲ. ನಿಮ್ಮದೂ ಹಾಗೆಯೇ ಇರುವಂತೆ ಕಾಣುತ್ತದೆ. ‘ಡಿಪಿಕೆಜಿ-ಡೆಬ್ -ಐ’ (ದೊಡ್ಡಕ್ಷರದ ಐ) ಎಂದು ಕೇಳಿ, ‘ಡಿಪೆಂಡ್ಸ್’ ಸಾಲನ್ನು ಒಮ್ಮೆ ನೋಡಿ.

ಇನ್ನು ಆವೃತ್ತಿ. ಹೆಸರಿನ ಬಾಲದಲ್ಲಿರುವ 1.1 ಎಂಬುದನ್ನು ಬಿಡುಗಡೆಯ ಸಂಖ್ಯೆಯೆಂದು ಎಲ್ಲರೂ ಓದುತ್ತಾರೆ. ಅದು ನಿಜವಾಗಿ ಒಂದು ಕರಾರು. ಈ ಹೆಸರು ಬದಲಾಗದಿರುವವರೆಗೆ ಹಳೆಯ ಪ್ರೋಗ್ರಾಮುಗಳು ನಡೆಯಬೇಕು. ಕರಾರು ಮುರಿಯುವಂತೆ ಲೈಬ್ರರಿ ಬದಲಾದರೆ ಹೆಸರೂ ಬದಲಾಗಬೇಕು. 2021ರ ಸೆಪ್ಟೆಂಬರಿನಲ್ಲಿ ಈ ಲೈಬ್ರರಿಯನ್ನು ಒಳಗೊಂಡ, ಸುರಕ್ಷಿತ ಸಂಪರ್ಕಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ 3.0 ಆವೃತ್ತಿ ಬಂದಾಗ ಆದದ್ದು ಅದೇ, ‘.1.1’ ಹೋಗಿ ‘.3’ ಆಯಿತು. ಉಬುಂಟು 22.04ರಲ್ಲಿ ಇರುವುದು ಈ ಹೊಸದು ಮಾತ್ರ. ಹಳೆಯ ಹೆಸರಿನ ಲಿಂಕ್ ಕೊಟ್ಟರೆ ಕಡತವೇನೋ ಸಿಗುತ್ತದೆ. ಆದರೆ ನಿಮ್ಮ ಪ್ರೋಗ್ರಾಮು ಒಂದೊಂದು ಫಂಕ್ಷನ್ನಿನ ಜೊತೆಗೂ ‘ಓಪನ್‌ಎಸ್‌ಎಸ್‌ಎಲ್_1_1_0’ ಎಂಬ ಆವೃತ್ತಿಯ ಮೊಹರನ್ನು ಕೇಳುತ್ತದೆ, ಹೊಸ ಲೈಬ್ರರಿಯಲ್ಲಿರುವ ಮೊಹರು ‘3.0.0’. ಹೀಗಾಗಿ ಒಂದು ದೋಷ ಸಂದೇಶ ಹೋಗಿ ಇನ್ನೊಂದು ಬರುತ್ತದೆ, ಅಷ್ಟೇ.

ಈ ಮೊಹರಿನ ಮಹತ್ವ ಇನ್ನೂ ಚೆನ್ನಾಗಿ ಕಾಣುವುದು ಲಿನಕ್ಸಿನ ಬಹುಪಾಲು ಪ್ರೋಗ್ರಾಮುಗಳು ಆಧರಿಸಿರುವ ಗ್ನೂ ಸಿ ಲೈಬ್ರರಿಯಲ್ಲಿ (ಜಿಲಿಬ್‌ಸಿ). ಅದರ ಹೆಸರು ‘ಲಿಬ್‌ಸಿ.ಎಸ್‌ಒ.6’ ಎಂಬುದು 1997ರಿಂದ ಬದಲಾಗಿಯೇ ಇಲ್ಲ. ಹೆಸರನ್ನಷ್ಟೇ ನೋಡಿದವರಿಗೆ 20.04ರ 2.31 ಯಾವುದು, 22.04ರ 2.35 ಯಾವುದು ಎಂದು ತಿಳಿಯುವಂತಿಲ್ಲ. 22.04ರಲ್ಲಿ ಕಟ್ಟಿದ ಸಾಮಾನ್ಯ ಪ್ರೋಗ್ರಾಮು 20.04ರಲ್ಲಿ ‘ಜಿಲಿಬ್‌ಸಿ_2.34 ಸಿಗಲಿಲ್ಲ’ ಎಂದು ನಿಲ್ಲುವುದು ಇದರಿಂದಲೇ. ‘ಆಬ್ಜ್‌ಡಂಪ್ -ಟಿ’ (ದೊಡ್ಡಕ್ಷರದ ಟಿ) ತೋರಿಸುವ ಸಾಲುಗಳಲ್ಲಿ ‘ಜಿಲಿಬ್‌ಸಿ’ ಮೊಹರುಗಳನ್ನು ಸೋಸಿಕೊಂಡು, ಅವುಗಳ ಪೈಕಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆಯನ್ನು ಹಿಡಿದರೆ ಪ್ರೋಗ್ರಾಮಿಗೆ ಕನಿಷ್ಠ ಯಾವ ಆವೃತ್ತಿ ಬೇಕೆಂಬುದು ಸಿಗುತ್ತದೆ. ನಿಮ್ಮ ಯಂತ್ರದಲ್ಲಿರುವುದು ಯಾವುದೆಂದು ತಿಳಿಯಲು ಆ ಲೈಬ್ರರಿಯ ಕಡತವನ್ನೇ ಆಜ್ಞೆಯಂತೆ ಓಡಿಸಿ. ಅದು ತನ್ನ ಆವೃತ್ತಿಯನ್ನು ತಾನೇ ಹೇಳಿ ಮುಗಿಸುತ್ತದೆ. ಇಂಥ ಸೌಜನ್ಯ ಎಲ್ಲ ಲೈಬ್ರರಿಗಳಿಗೂ ಇಲ್ಲ.

ಓಡುವ ಹೊತ್ತಿನಲ್ಲಿ ‘ಡಿಎಲ್‌ಓಪನ್’ ಮೂಲಕ ಕರೆಸಿಕೊಳ್ಳುವ ಪ್ಲಗಿನ್‌ಗಳು ‘ನೀಡೆಡ್’ ಸಾಲುಗಳಲ್ಲಿ ಬರುವುದಿಲ್ಲವೆಂಬುದು ನೆನಪಿರಲಿ. ನಿಮ್ಮ ವಿಷಯದಲ್ಲಿ ಸರಿಯಾದ ಪರಿಹಾರವೆಂದರೆ ತಂತ್ರಾಂಶ ಕೊಟ್ಟವರಿಂದ 22.04ಕ್ಕೆಂದು ಮರುಕಟ್ಟಿದ ಪ್ಯಾಕೇಜನ್ನು ಪಡೆಯುವುದು. ಓಪನ್‌ಎಸ್‌ಎಸ್‌ಎಲ್ 1.1.1ಕ್ಕೆ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರಿನಲ್ಲೇ ಮುಗಿದಿರುವುದರಿಂದ, ಹಳೆಯ ಲೈಬ್ರರಿಯನ್ನು ಎಲ್ಲಿಂದಲೋ ತಂದು ಸೇರಿಸುವುದನ್ನು, ಅದರಲ್ಲೂ ಹಣದ ಲೆಕ್ಕದ ಯಂತ್ರಕ್ಕೆ, ನಾನು ಒಪ್ಪಲಾರೆ.

ಪ್ರಶ್ನೆ: ನಮ್ಮ ಸರ್ವರಿನ ಓಪನ್‌ಎಸ್‌ಎಸ್‌ಎಲ್ ತನ್ನನ್ನು ‘3.0.2, 15 ಮಾರ್ಚ್ 2022’ ಎಂದು ಹೇಳಿಕೊಳ್ಳುತ್ತದೆ. ಅಪ್‌ಡೇಟ್ ಮಾಡುತ್ತಲೇ ಇದ್ದರೂ ಇದು ಬದಲಾಗುತ್ತಿಲ್ಲ. ಪರಿಶೀಲನೆಗೆ ಬಂದವರು ಇದು ಅಪಾಯಕಾರಿ ಎಂದು ಬರೆದು ಹೋದರು.
– ಓದುಗರು, ಮೈಸೂರು

ಉತ್ತರ: ಬಂದವರು ಓದಿದ್ದು ಬೇರೆ ಸಂಖ್ಯೆಯನ್ನು. ಉಬುಂಟು, ಡೆಬಿಯನ್‌ಗಳಂಥ ಲಿನಕ್ಸ್ ವಿತರಣೆಗಳು ಮೂಲ ಆವೃತ್ತಿಯನ್ನು ಹಾಗೆಯೇ ಇಟ್ಟುಕೊಂಡು ಭದ್ರತೆಯ ತಿದ್ದುಪಡಿಗಳನ್ನಷ್ಟೇ ಅದಕ್ಕೆ ಹೊಲಿಯುತ್ತವೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ ಮೂಲದಲ್ಲಿ ಪರಿಹಾರ ಬಂದದ್ದು 1.0.1ಜಿ ಎಂಬುದರಲ್ಲಿ; ಡೆಬಿಯನ್ 7 ಮಾತ್ರ 1.0.1ಇ ಎಂಬುದರಲ್ಲೇ ಉಳಿದು, ಪ್ಯಾಕೇಜಿನ ಸಂಖ್ಯೆಯ ಬಾಲವನ್ನು ‘ಡೆಬ್7ಯು5’ ಮಾಡಿ ದೋಷ ಸರಿಪಡಿಸಿತು. ಆದ್ದರಿಂದ ‘ಡಿಪಿಕೆಜಿ -ಎಲ್’ (ಸಣ್ಣಕ್ಷರದ ಎಲ್) ತೋರಿಸುವ ಪೂರ್ಣ ಸಂಖ್ಯೆಯನ್ನೂ ಪ್ಯಾಕೇಜಿನ ಬದಲಾವಣೆಗಳ ದಾಖಲೆಯಾದ ಚೇಂಜ್‌ಲಾಗ್ ಅನ್ನೂ ಪರಿಶೀಲಕರ ಮುಂದಿಡಿ.

ಇನ್ನೊಂದನ್ನು ನೀವೇ ಪರೀಕ್ಷಿಸಿಕೊಳ್ಳಿ. ಅಪ್‌ಡೇಟ್ ಆದ ಮೇಲೆ ಮರಳಿ ಶುರುಮಾಡದ ಸೇವೆಯು ಮೆಮೊರಿಯಲ್ಲಿ ಹಳೆಯ ಲೈಬ್ರರಿಯನ್ನೇ ಹಿಡಿದುಕೊಂಡಿರುತ್ತದೆ. ‘ಪ್ರಾಕ್’ ಫೋಲ್ಡರಿನಲ್ಲಿ ಆ ಪ್ರೋಸೆಸ್ಸಿನ ‘ಮ್ಯಾಪ್ಸ್’ ಕಡತವನ್ನು ತೆರೆದು ನೋಡಿ; ಲೈಬ್ರರಿಯ ಹೆಸರಿನ ಮುಂದೆ ‘ಡಿಲೀಟೆಡ್’ ಎಂದಿದ್ದರೆ ಡಿಸ್ಕಿನಲ್ಲಿರುವ ಹೊಸದು ಆ ಸೇವೆಯನ್ನು ಇನ್ನೂ ತಲುಪಿಲ್ಲ, ಅದನ್ನು ರೀಸ್ಟಾರ್ಟ್ ಮಾಡಬೇಕು.