ಲ್ಯಾಂಗ್ಮ್ಯೂರ್ ಫಿಟ್ 0.99 ಬಂದರೆ ಮೋನೋಲೇಯರ್ ಆಗಿದೆ ಅಂತ ಬರೆಯಬಹುದಾ?

ಬರೆಯಬೇಡಿ. ಸಿಲಿಕಾ ಕಣಗಳ ಮೇಲೆ ಎಂಜೈಮ್ ಕೂರಿಸಿದ್ದೀರಿ, ಐಸೋಥರ್ಮ್ ಡೇಟಾಗೆ (ಒಂದೇ ತಾಪಮಾನದಲ್ಲಿ, ಯಾವ ಸಾಂದ್ರತೆಗೆ ಎಷ್ಟು ಅಂಟಿತು ಎಂಬ ಅಳತೆಗೆ) ಒಂದೇ ಪದರ ಕೂರುತ್ತದೆ ಎನ್ನುವ ಲ್ಯಾಂಗ್ಮ್ಯೂರ್ ಸಮೀಕರಣ ಹಾಕಿದರೆ ಆರ್ ಸ್ಕ್ವೇರ್ (ಗೆರೆ ಡೇಟಾಗೆ ಎಷ್ಟು ಹೊಂದುತ್ತದೆ ಎಂಬ ಅಂಕ, 1 ಅಂದರೆ ಪೂರ್ತಿ) 0.99, ಫ್ರಾಯಿಂಡ್ಲಿಶ್ ಎಂಬ ಇನ್ನೊಂದು ಸಮೀಕರಣ ಹಾಕಿದರೆ ಕಡಿಮೆ. ಹಾಗಾಗಿ ಒಂದೇ ಪದರ ಕೂತಿದೆ ಎನ್ನಬಹುದಾ, ಅಥವಾ ಡಿಎಫ್‌ಟಿ (ಎಲೆಕ್ಟ್ರಾನ್ ಮಟ್ಟದ ಕಂಪ್ಯೂಟರ್ ಲೆಕ್ಕ) ಕೂಡ ಮಾಡಬೇಕಾ ಎಂದು ಕೇಳಿದ್ದೀರಿ. ನಾನೂ ಹೆಚ್ಚುಕಡಿಮೆ ಇದನ್ನೇ ಮಾಡಿದ್ದೆ. ಥೀಸಿಸ್‌ನ ಒಂದು ಅಧ್ಯಾಯ ಅದರಲ್ಲೇ ಹೋಯಿತು.

ನನ್ನದು ದುಂಡನೆಯ ಒಂದು ಪ್ರೋಟೀನ್, ಮೇಲ್ಮೈ ಸಿಲಿಕಾನೇ. ಕಣಗಳ ಜೊತೆ ಕಲಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರಾವಣದಲ್ಲಿ ಎಷ್ಟು ಉಳಿದಿದೆ ಎಂದು 280 ನ್ಯಾನೋಮೀಟರ್ ಅತಿನೇರಳೆ ಬೆಳಕಿನಲ್ಲಿ ನೋಡುವುದು. ಸಾಂದ್ರತೆ ಏರಿಸಿದಂತೆ ಅಂಟಿದ ಪ್ರಮಾಣ ಏರಿತು, ಆಮೇಲೆ ಮಟ್ಟವಾಯಿತು. ಲ್ಯಾಂಗ್ಮ್ಯೂರ್ ಗೆರೆ ಎಳೆದೆ, ಗರಿಷ್ಠ ಪ್ರಮಾಣ ಸಿಕ್ಕಿತು. ಕಣಗಳ ಒಟ್ಟು ವಿಸ್ತೀರ್ಣ ಗೊತ್ತಿತ್ತಲ್ಲ, ಭಾಗಿಸಿದರೆ ಒಂದು ಅಣುವಿಗೆ ಎಷ್ಟು ಜಾಗ ಎಂದು ಬರುತ್ತದೆ. ಅದು ಹರಳಿನ ರಚನೆ ಹೇಳುವ ಅಳತೆಗಿಂತ ಸುಮಾರು ಎರಡರಷ್ಟು ಬಂತು.

ಇಲ್ಲಿಂದ ನನ್ನ ತಲೆ ಓಡತೊಡಗಿತು. ಜಾಗ ಎರಡರಷ್ಟು ಹಿಡಿಯುತ್ತಿದೆ ಅಂದರೆ ಪ್ರೋಟೀನ್ ಸಿಲಿಕಾ ಮೇಲೆ ಚಪ್ಪಟೆಯಾಗುತ್ತಿದೆ! ಕೆಲವು ಪ್ರೋಟೀನ್‌ಗಳು ನಿಜಕ್ಕೂ ಹಾಗೆ ಮಾಡುತ್ತವೆ, ಆದ್ದರಿಂದ ನಂಬಲು ಕಷ್ಟವಾಗಲಿಲ್ಲ. ಚಪ್ಪಟೆ ಅಣುವಿನ ಚಂದದ ಚಿತ್ರ ಬರೆದೆ. ಲ್ಯಾಂಗ್ಮ್ಯೂರ್ ಸ್ಥಿರಾಂಕದಿಂದ ಬಂಧನದ ಮುಕ್ತಶಕ್ತಿಯನ್ನೂ (ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂಬ ಅಳತೆ) ಲೆಕ್ಕ ಹಾಕಿದೆ. ಪೇಪರ್ ಕಳಿಸಿದೆ. ಒಬ್ಬ ರಿವ್ಯೂವರ್ ಕೇಳಿದ್ದು ಒಂದೇ ಸಾಲು: "ಬರೀ ಬಫರ್‌ನಿಂದ ತೊಳೆದರೆ ಎಷ್ಟು ಬಿಟ್ಟು ಬರುತ್ತದೆ?"

ನಾನು ತೊಳೆದೇ ನೋಡಿರಲಿಲ್ಲ. ತೊಳೆದೆ. ಹೆಚ್ಚುಕಡಿಮೆ ಏನೂ ಬರಲಿಲ್ಲ.

ಇದು ಯಾಕೆ ಅಷ್ಟು ದೊಡ್ಡ ವಿಷಯ ಅಂದರೆ, ಲ್ಯಾಂಗ್ಮ್ಯೂರ್ 1918ರಲ್ಲಿ ಗಾಜು, ಅಭ್ರಕ, ಪ್ಲಾಟಿನಂ ಮೇಲೆ ಅನಿಲಗಳು ಕೂರುವುದಕ್ಕೆ ಕೊಟ್ಟ ಸಮೀಕರಣ ನಿಂತಿರುವುದೇ ಒಂದು ಸಮತೋಲನದ ಮೇಲೆ. ಎಷ್ಟು ವೇಗದಲ್ಲಿ ಕೂರುತ್ತವೋ ಅಷ್ಟೇ ವೇಗದಲ್ಲಿ ಏಳುತ್ತವೆ. ಎಲ್ಲ ಜಾಗವೂ ಒಂದೇ ಥರ, ಒಂದು ಜಾಗಕ್ಕೆ ಒಂದೇ ಅಣು, ಅಕ್ಕಪಕ್ಕದವು ಪರಸ್ಪರ ತಳ್ಳುವುದಿಲ್ಲ, ಎಳೆಯುವುದಿಲ್ಲ ಎಂಬ ಷರತ್ತುಗಳೂ ಇವೆ. ಅವು ಸ್ವಲ್ಪ ತಪ್ಪಿದರೆ ಹೇಗೋ ಸುಧಾರಿಸಬಹುದು. ಏಳುವುದೇ ಇಲ್ಲ ಅಂದರೆ ಸಮತೋಲನವೇ ಇಲ್ಲ. ಆಗ ಆ ಸ್ಥಿರಾಂಕಕ್ಕೆ ಅರ್ಥವಿಲ್ಲ, ಅದರಿಂದ ತೆಗೆದ ಮುಕ್ತಶಕ್ತಿಗೂ ಇಲ್ಲ.

ಸರಿ, ಆ ಎರಡರಷ್ಟು ಜಾಗ ಎಲ್ಲಿಂದ ಬಂತು? ಕೂತ ಅಣು ಏಳುವುದಿಲ್ಲ, ಜರುಗುವುದೂ ಇಲ್ಲ ಎಂದುಕೊಳ್ಳಿ. ರಸ್ತೆ ಬದಿಯಲ್ಲಿ ಗುರುತಿಲ್ಲದ ಕಡೆ ಕಾರುಗಳನ್ನು ಮನಸ್ಸಿಗೆ ಬಂದಲ್ಲಿ ನಿಲ್ಲಿಸಿದರೆ ನಡುವೆ ಮುಕ್ಕಾಲು ಕಾರಿನಷ್ಟು ಜಾಗ ಸುಮ್ನೆ ವ್ಯರ್ಥವಾಗುತ್ತದಲ್ಲ, ಹಾಗೆ. ರೆನ್ಯಿ ಎಂಬ ಗಣಿತಜ್ಞ 1958ರಲ್ಲೇ ಇದರ ಲೆಕ್ಕ ಮಾಡಿದ್ದಾರೆ: ಒಂದು ಗೆರೆಯ ಮೇಲಾದರೆ ಶೇಕಡಾ 74.8 ತುಂಬುವಷ್ಟರಲ್ಲಿ ಇನ್ನೊಂದಕ್ಕೆ ಜಾಗವಿಲ್ಲ. ಮೇಲ್ಮೈ ಮೇಲೆ ದುಂಡು ಬಿಲ್ಲೆಗಳಾದರೆ ಪರಿಸ್ಥಿತಿ ಇನ್ನೂ ಕೆಟ್ಟದು, ಶೇಕಡಾ 54.7ಕ್ಕೇ ನಿಂತುಹೋಗುತ್ತದೆ. ಕಾರಣ ಸುಲಭ. ಒಂದು ಬಿಲ್ಲೆ ಕೂತರೆ ಇನ್ನೊಂದರ ಕೇಂದ್ರ ಅದರಿಂದ ಒಂದು ವ್ಯಾಸದಷ್ಟು ದೂರ ಇರಲೇಬೇಕು. ಅಂದರೆ ತನ್ನ ವಿಸ್ತೀರ್ಣದ ನಾಲ್ಕು ಪಟ್ಟು ಜಾಗವನ್ನು ಅದು ಮುಚ್ಚಿಬಿಡುತ್ತದೆ.

ಈಗ 1ನ್ನು 0.547ರಿಂದ ಭಾಗಿಸಿ. 1.83. ನನ್ನ "ಎರಡರಷ್ಟು" ಇದೇ! ಪ್ರೋಟೀನ್ ಚಪ್ಪಟೆಯಾಗುವ ಅಗತ್ಯವೇ ಇರಲಿಲ್ಲ. ನಡುವಿನ ಖಾಲಿ ಜಾಗವನ್ನೂ ಅಣುವಿನ ಮೈ ಅಂತ ಎಣಿಸಿದ್ದೆ.

ಹಾಗಾದರೆ ಫಿಟ್ ಅಷ್ಟು ಚೆನ್ನಾಗಿ ಬಂದದ್ದು ಹೇಗೆ? ನೇರ ಗೆರೆಯ ರೂಪದಲ್ಲಿ ನಾವು ಸಾಂದ್ರತೆಯನ್ನು ಅಂಟಿದ ಪ್ರಮಾಣದಿಂದ ಭಾಗಿಸಿ, ಅದನ್ನು ಮತ್ತೆ ಸಾಂದ್ರತೆಯ ಎದುರೇ ಇಡುತ್ತೇವೆ. ಎರಡೂ ಅಕ್ಷದಲ್ಲಿ ಅದೇ ಸಾಂದ್ರತೆ. ಅಂಟಿದ ಪ್ರಮಾಣ ಮಟ್ಟವಾದ ಮೇಲೆ ಅದು ಸಾಂದ್ರತೆಯನ್ನು ಒಂದು ಸ್ಥಿರ ಸಂಖ್ಯೆಯಿಂದ ಭಾಗಿಸಿದ ಹಾಗೆ, ಗೆರೆ ನೇರ ಬರದೆ ಇನ್ನೇನು ಮಾಡುತ್ತದೆ? ಮೇಲೇರಿ ಮಟ್ಟವಾಗುವ ಯಾವ ಡೇಟಾ ಕೊಟ್ಟರೂ 0.99 ಬರುವುದು ದೊಡ್ಡ ವಿಷಯವಲ್ಲ. ಈ ಆರ್ ಸ್ಕ್ವೇರ್ ಪೈಪೋಟಿ ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಫಿಟ್ ಮಾಡಲೇಬೇಕಿದ್ದರೆ ಮೂಲ ವಕ್ರರೇಖೆಗೇ ನಾನ್-ಲೀನಿಯರ್ ಫಿಟ್ ಮಾಡಿ.

ಆದ್ದರಿಂದ "ಯಾವ ಮಾಡೆಲ್ ಒಳ್ಳೆಯದು" ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲು ಕೇಳಬೇಕಾದ್ದು ಎರಡು: ಕೂತ ಅಣು ಏಳುತ್ತದಾ? ಕೂತಲ್ಲೇ ಜರುಗುತ್ತದಾ? ಚಿನ್ನದ ಮೇಲೆ, ಒಂದು ತುದಿಯಲ್ಲಿ ಗಂಧಕವಿರುವ ಇಂಗಾಲದ ಸರಪಳಿ ಆಲ್ಕೇನ್‌ಥಯಾಲ್ ನೋಡಿ. ಗಂಧಕದ ತುದಿ ಗಟ್ಟಿಯಾಗಿ ಹಿಡಿಯುತ್ತದೆ, ಆದರೂ ಅಣುಗಳು ಜರುಗುತ್ತವೆ. ಹೆಚ್ಚಿನ ಭಾಗ ನಿಮಿಷಗಳಲ್ಲಿ ತುಂಬುತ್ತದೆ, ಆಮೇಲೆ ಗಂಟೆಗಟ್ಟಲೆ ಸರಿದು ಸರಿದು, ಸುಮಾರು 30 ಡಿಗ್ರಿ ವಾಲಿ, ಒತ್ತೊತ್ತಾಗಿ ಜೋಡಿಕೊಳ್ಳುತ್ತವೆ. ಒಂದಕ್ಕೆ ಸುಮಾರು 0.216 ಚದರ ನ್ಯಾನೋಮೀಟರ್ ಜಾಗ. ಅಲ್ಲಿ ನನ್ನ ಬಿಲ್ಲೆ ಲೆಕ್ಕ ಹಾಕಿದರೆ ಶುದ್ಧ ತಪ್ಪು. ಬಿಇಟಿ ಎಂಬ ಮತ್ತೊಂದು ಸಮೀಕರಣವನ್ನು ನೀವು ಕೇಳಿಲ್ಲ, ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಅನಿಲಕ್ಕೆ, ಪದರದ ಮೇಲೆ ಪದರ ಕೂರುವಾಗ. ಕಣಗಳ ವಿಸ್ತೀರ್ಣ ಅಳೆಯಲು 77 ಕೆಲ್ವಿನ್‌ನಲ್ಲಿ ಸಾರಜನಕ ಬಿಡುವಾಗ ಬಳಸಿ, ಸಾಕು.

ಡಿಎಫ್‌ಟಿ ಬೇಡ. ಸಾವಿರಾರು ಪರಮಾಣುಗಳ ಎಂಜೈಮ್, ಸುತ್ತ ನೀರು, ಉಪ್ಪು, ಏನಂತ ಮಾಡುತ್ತೀರಿ? ಎರಡೇ ಪರಮಾಣುಗಳ ಕಾರ್ಬನ್ ಮಾನಾಕ್ಸೈಡ್ ಪ್ಲಾಟಿನಂ ಮೇಲೆ ಎಲ್ಲಿ ಕೂರುತ್ತದೆ ಎನ್ನುವುದನ್ನೇ ಡಿಎಫ್‌ಟಿಯಲ್ಲಿ ಬಳಸುವ ಸಾಮಾನ್ಯ ಅಂದಾಜು ಸೂತ್ರಗಳಾದ ಫಂಕ್ಷನಲ್‌ಗಳು ತಪ್ಪು ಹೇಳಿದ್ದವು. ಪ್ರಯೋಗದಲ್ಲಿ ಪರಮಾಣುವಿನ ನೆತ್ತಿಯ ಮೇಲೆ, ಲೆಕ್ಕದಲ್ಲಿ ಮೂರರ ನಡುವಿನ ಗುಳಿಯಲ್ಲಿ. 2001ರಲ್ಲಿ ಇದರ ಮೇಲೆ ಒಂದು ಪೇಪರೇ ಬಂದು, ವಿಷಯಕ್ಕೆ "ಒಗಟು" ಎಂಬ ಹೆಸರೇ ನಿಂತಿತು.

ನಿಮಗೆ ಬೇಕಾದದ್ದು ಪೈಥಾನ್‌ನಲ್ಲಿ ಪುಟ್ಟ ಕೋಡ್ ಅಷ್ಟೇ. ಚೌಕದಲ್ಲಿ ಮನಬಂದಲ್ಲಿ ಬಿಲ್ಲೆ ಎಸೆಯಿರಿ, ಮೊದಲೇ ಕೂತದ್ದಕ್ಕೆ ತಾಗಿದರೆ ಬಿಸಾಡಿ, ಇಲ್ಲದಿದ್ದರೆ ಇಟ್ಟುಕೊಳ್ಳಿ. ಅಂಚುಗಳನ್ನು ಎದುರು ಬದಿಗೆ ಜೋಡಿಸುವುದನ್ನು ಮರೆಯಬೇಡಿ. ಕೊನೆಕೊನೆಗೆ ತುಂಬಾ ನಿಧಾನವಾಗುತ್ತದೆ, ತುಂಬಲು ಬಾಕಿ ಉಳಿದದ್ದು ಕಾಲದ (ಅಂದರೆ ಎಸೆದ ಬಾರಿಗಳ) ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ಅದನ್ನೇ ಗ್ರಾಫ್ ಹಾಕಿ ಕೊನೆಯ ಬೆಲೆ ತೆಗೆಯಿರಿ.

ಕೋಡ್‌ಗಿಂತ ಮೊದಲು ಲ್ಯಾಬ್‌ನಲ್ಲಿ ತೊಳೆದು ನೋಡಿ. ಮಟ್ಟವಾದ ಭಾಗದ ಸ್ಯಾಂಪಲ್ ಒಂದು, ಅರ್ಧ ತುಂಬಿದ್ದು ಒಂದು. ಸಾಧ್ಯವಾದರೆ ಉಪ್ಪಿನ ಪ್ರಮಾಣ ಬದಲಿಸಿಯೂ ಮಾಡಿ. ಸೋಡಿಯಂ ಕ್ಲೋರೈಡ್ 1 ಮಿಲಿಮೋಲಾರ್ ಇದ್ದಾಗ ಎಂಜೈಮ್‌ಗಳ ನಡುವಿನ ವಿದ್ಯುತ್ ತಳ್ಳಾಟ ಸುಮಾರು 10 ನ್ಯಾನೋಮೀಟರ್ ದೂರ ಚಾಚುತ್ತದೆ, 100 ಮಿಲಿಮೋಲಾರ್ ಆದರೆ ಸುಮಾರು 1ಕ್ಕೆ ಇಳಿಯುತ್ತದೆ. ಉಪ್ಪು ಜಾಸ್ತಿ ಮಾಡಿದಾಗ ಗರಿಷ್ಠ ಪ್ರಮಾಣವೂ ಏರಿದರೆ ನೀವು ಅಳೆಯುತ್ತಿರುವುದು ಸಿಲಿಕಾದ ಸೀಟುಗಳ ಸಂಖ್ಯೆಯನ್ನಲ್ಲ, ಅಣುಗಳು ಒಂದನ್ನೊಂದು ಎಷ್ಟು ದೂರ ಇಡುತ್ತವೆ ಎನ್ನುವುದನ್ನು. ಇಳಿದರೆ ಸಿಲಿಕಾದ ಸೆಳೆತವೇ ಕಡಿಮೆಯಾಗಿರಬಹುದು, ಆಗ ಪಿಎಚ್ ಒಮ್ಮೆ ನೋಡಿ.