ಅತ್ತೆಯನ್ನು ಕರೆದುಕೊಂಡು ಥಾಯ್ ಅಡುಗೆ ಕಲಿಯೋಕೆ ಹೋಗಬಹುದಾ?

ಪ್ರಶ್ನೆ: ಮೇಡಂ, ಡಿಸೆಂಬರ್‌ನಲ್ಲಿ ನಾವು ನಾಲ್ಕು ಜನ ಥಾಯ್ಲೆಂಡಿಗೆ ಹೊರಟಿದ್ದೇವೆ. ಚಿಯಾಂಗ್ ಮಾಯ್‌ನಲ್ಲಿ ಮೂರು ದಿನ ಇರುತ್ತೇವೆ. ನಮ್ಮವರಿಗೆ ಫುಡ್ ಟೂರ್ ಮಾಡುವ ಆಸೆ, ನನಗೆ ಅಡುಗೆ ಕ್ಲಾಸಿನ ಆಸೆ. ಜೊತೆಗೆ ಅತ್ತೆಯವರೂ ಇದ್ದಾರೆ, ಮೊಟ್ಟೆ ಕೂಡ ಮುಟ್ಟುವುದಿಲ್ಲ. ಯಾವುದಕ್ಕೆ ದುಡ್ಡು ಹಾಕೋದು?
– ಓದುಗರು, ದಾವಣಗೆರೆ

ಉತ್ತರ: ಅತ್ತೆ ಇದ್ದಾರೆ ಅಂದಮೇಲೆ ಕ್ಲಾಸೇ ಸರಿ. ಫುಡ್ ಟೂರ್‌ನಲ್ಲಿ ಒಂದಾದ ಮೇಲೊಂದು ಗಾಡಿಯ ಮುಂದೆ ನಿಲ್ಲಿಸಿ ರುಚಿ ತೋರಿಸುತ್ತಾರೆ. ಎಲ್ಲರಿಗೂ ಒಂದೇ ರೇಟು, ಆದರೆ ಅತ್ತೆಯವರ ಪಾಲಿಗೆ ಬರುವುದು ಹಣ್ಣು, ಎಳನೀರು, ಒಂದೆರಡು ಸಿಹಿ ಅಷ್ಟೆ. ಹಸಿ ಪಪ್ಪಾಯಿಯ ಸೋಮ್ ತಮ್ ನೋಡೋಕೆ ನಮ್ಮ ಕೋಸಂಬರಿ ಥರಾನೇ ಇರುತ್ತದೆ. ಮೀನಿನ ಸಾಸ್ ಬೇಡ, ಒಣ ಸೀಗಡಿ ಬೇಡ ಅಂದರೆ ಗಾಡಿಯ ಅಮ್ಮ ನಗುತ್ತಾ ತಲೆ ಆಡಿಸಿ, ಹಿಂದಿನ ಗಿರಾಕಿಗೆ ಅದೆಲ್ಲ ಹಾಕಿ ಕುಟ್ಟಿದ ಅದೇ ಒರಳಿನಲ್ಲಿ ನಿಮ್ಮದನ್ನೂ ಕುಟ್ಟಿ ಕೊಡುತ್ತಾರೆ. ಅವರ ತಪ್ಪೇನಿಲ್ಲ, ಇರುವುದು ಒಂದೇ ಒರಳು.

ಆದರೆ ಕ್ಲಾಸ್ ಅಂದ ತಕ್ಷಣ ಸಿಕ್ಕಿದ್ದಕ್ಕೆ ಸೇರಬೇಡಿ. ದುಡ್ಡು ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ಕರಿ ಪೇಸ್ಟ್ (ಥಾಯ್ ಸಾರಿಗೆ ಹಾಕುವ ಮಸಾಲೆ ಮುದ್ದೆ) ನಾವೇ ಕುಟ್ಟುತ್ತೇವಾ, ಇಲ್ಲಾ ನೀವು ರೆಡಿ ಇಟ್ಟಿರುತ್ತೀರಾ? ಮಾರುಕಟ್ಟೆಯಲ್ಲಿ ಗುಡ್ಡೆ ಹಾಕಿ ಮಾರುವ ಕೆಂಪು, ಹಸಿರು ಪೇಸ್ಟ್‌ಗಳಲ್ಲಿ ಸಾಮಾನ್ಯವಾಗಿ ಕಪಿ ಇರುತ್ತದೆ. ಕಪಿ ಅಂದರೆ ಸೀಗಡಿಯನ್ನು ಉಪ್ಪು ಹಾಕಿ ಕೊಳೆಸಿ ಮಾಡಿದ ಮುದ್ದೆ. ಆ ಪೇಸ್ಟ್ ಹಾಕಿ ಮೇಲೆ ಕೋಳಿಯ ಬದಲು ತೋಫು ಹಾಕಿದರೆ ಅದನ್ನೂ ಅಲ್ಲಿ ವೆಜ್ ಅಂತಲೇ ಕರೆಯುತ್ತಾರೆ. ನಾನು ಒಮ್ಮೆ ಹೀಗೇ ಸಿಕ್ಕಿಹಾಕಿಕೊಂಡೆ. ಹದಿನಾಲ್ಕು ಜನಕ್ಕೆ ಮೂರು ಒಲೆ, ಪೇಸ್ಟ್ ಡಬ್ಬಿಯಿಂದ, ತರಕಾರಿ ಮೊದಲೇ ಹೆಚ್ಚಿಟ್ಟಿದ್ದರು. ನಾನು ಮಾಡಿದ ಕೆಲಸ ಸೌಟು ಆಡಿಸಿದ್ದು, ಏಪ್ರನ್ ಹಾಕಿಕೊಂಡು ಫೋಟೋಗೆ ನಿಂತಿದ್ದು.

ಒಬ್ಬೊಬ್ಬರಿಗೆ ಒಂದು ಒಲೆ, ಒಂದು ಬಾಣಲೆ, ಕಲ್ಲಿನ ಒರಳು ಇರುವ ಕಡೆಗೆ ಹೋಗಿ. ಅಂಥವು ಚಿಯಾಂಗ್ ಮಾಯ್‌ನಲ್ಲಿ ಬೇಕಾದಷ್ಟಿವೆ, ಊರಾಚೆ ತೋಟದಲ್ಲಿ ನಡೆಸುವವರೂ ಇದ್ದಾರೆ. ಅರ್ಧ ದಿನಕ್ಕೆ ಒಬ್ಬರಿಗೆ ಸುಮಾರು ಸಾವಿರ ಬಾತ್ ಇಟ್ಟುಕೊಳ್ಳಿ. ಇಡೀ ದಿನದ್ದು ಬೇಡ, ಐದಾರು ಅಡುಗೆ ಮಾಡಿ ತಿಂದು ಸುಸ್ತಾಗುತ್ತದೆ. ಒಣಮೆಣಸು, ನಿಂಬೆಹುಲ್ಲು, ಶುಂಠಿಯ ಜಾತಿಯದೇ ಆದ ಗಲಂಗಲ್, ಕೊತ್ತಂಬರಿಯ ಬೇರು, ಎಲ್ಲವನ್ನೂ ಒಂದೊಂದಾಗಿ ಹಾಕಿ ಕುಟ್ಟುವಾಗ ಅತ್ತೆಯವರಿಗೆ ಸೊಸೆಗಿಂತ ಚೆನ್ನಾಗಿ ಕೈ ಆಡುತ್ತದೆ ನೋಡಿ. ಕೊತ್ತಂಬರಿ ಬೇರನ್ನು ನಾವು ಕಸಕ್ಕೆ ಎಸೆಯುತ್ತೇವೆ ಅಲ್ವಾ, ಅವರಿಗೆ ಅದಿಲ್ಲದೆ ಹಸಿರು ಪೇಸ್ಟ್ ಆಗುವುದೇ ಇಲ್ಲ. ಇನ್ನೊಂದು ತಮಾಷೆ ಇದೆ. ಕಾಯಿಹಾಲು ಒಡೆಯಬಾರದು ಅಂತ ನಾವು ಕೊನೆಗೆ ಹಾಕಿ ಒಲೆ ಸಣ್ಣ ಮಾಡುತ್ತೇವೆ. ಅವರು ಮೊದಲೇ ಗಟ್ಟಿಹಾಲನ್ನು ಬಾಣಲೆಗೆ ಸುರಿದು, ಬೇಕೆಂದೇ ಒಡೆಸಿ, ಎಣ್ಣೆ ಬಿಟ್ಟ ಮೇಲೆ ಅದರಲ್ಲೇ ಪೇಸ್ಟ್ ಹುರಿಯುತ್ತಾರೆ. ಕಲಿಯಬೇಕಾದ್ದು ಇದು, ಪ್ಯಾಡ್ ಥಾಯ್ ನೂಡಲ್ಸ್ ಯೂಟ್ಯೂಬ್ ನೋಡಿ ಮಾಡಬಹುದು.

ಕಪಿಯ ಬದಲು ತುವಾ ನಾವ್ ಸಿಗುತ್ತದಾ ಅಂತ ಕೇಳಿ. ಸೋಯಾಕಾಳನ್ನು ಹುದುಗಿಸಿ, ಹಪ್ಪಳದ ಹಾಗೆ ತಟ್ಟಿ ಒಣಗಿಸಿದ್ದು, ಉತ್ತರ ಥಾಯ್ಲೆಂಡಿನವರದೇ ಪದಾರ್ಥ. ಕೆಂಡದಲ್ಲಿ ಸುಟ್ಟು ಪುಡಿ ಮಾಡಿ ಹಾಕುತ್ತಾರೆ. ವಾಸನೆ ಜಾಸ್ತಿ, ಅತ್ತೆಯವರಿಗೆ ಮೊದಲೇ ಹೇಳಿಬಿಡಿ. ಖಾವ್ ಸೋಯ್, ಅಂದರೆ ಕಾಯಿಹಾಲಿನ ಸಾರಿನ ನೂಡಲ್ಸ್, ಆರಿಸಿಕೊಂಡರೆ ಅದರ ನೂಡಲ್ಸ್‌ನಲ್ಲಿ ಮೊಟ್ಟೆ ಇರುತ್ತದೆ, ಅಕ್ಕಿ ನೂಡಲ್ಸ್ ಕೇಳಿ ಪಡೆಯಿರಿ.

ನಿಮ್ಮವರನ್ನು ಭಾನುವಾರ ಸಂಜೆ ಥಾ ಫೇ ಗೇಟ್ ಹತ್ತಿರದ ರಾಚದಮ್ನೋನ್ ರಸ್ತೆಯ ಸಂತೆಗೆ ಕಳಿಸಿ. ಗೈಡ್ ಇಲ್ಲದೆ ಹೊಟ್ಟೆ ತುಂಬುತ್ತದೆ.

ಪ್ರಶ್ನೆ: ಬ್ಯಾಂಕಾಕ್‌ನಲ್ಲಿ ವೆಜಿಟೇರಿಯನ್ ಅಂತ ಹತ್ತು ಸಲ ಹೇಳಿದರೂ ಮೀನಿನ ವಾಸನೆ ಬರುವ ಊಟವೇ ಬಂತಲ್ಲ, ಯಾಕೆ? ಮತ್ತೆ ಹೋಗುವ ಯೋಚನೆ ಇದೆ.
– ಓದುಗರು, ಬೆಂಗಳೂರು

ಉತ್ತರ: ತಟ್ಟೆಯಲ್ಲಿ ಮಾಂಸದ ತುಂಡು ಇಲ್ಲದಿದ್ದರೆ ಸಾಕು ಅಂದುಕೊಳ್ಳುವವರು ಅಲ್ಲಿ ಬಹಳ. ಮೀನಿನ ಸಾಸ್ ಅವರಿಗೆ ಉಪ್ಪಿದ್ದ ಹಾಗೆ, ಲೆಕ್ಕಕ್ಕೇ ಬರುವುದಿಲ್ಲ. ನೀವು ಹೇಳಬೇಕಾದ ಮಾತು 'ಜೇ'. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಸಹ ಇಲ್ಲ. ನಮ್ಮ ಮಡಿ ಅಡುಗೆಗಿಂತ ಒಂದು ಕೈ ಮೇಲೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುತ್ತದೆ, ಥಾಯ್ ಓದೋಕೆ ಬರದವರಿಗೆ ಅದು ಇಂಗ್ಲಿಷ್ ಅಂಕಿಯ 17ರ ಹಾಗೆ ಕಾಣುತ್ತದೆ. ಅಂಥ ಅಂಗಡಿಗೆ ಧೈರ್ಯವಾಗಿ ನುಗ್ಗಿ. ಬೇರೆ ಕಡೆ 'ಮೈ ಸೈ ನಾಮ್ ಪ್ಲಾ' ಅನ್ನಿ, ಮೀನಿನ ಸಾಸ್ ಹಾಕಬೇಡಿ ಅಂತ.

ಫುಡ್ ಟೂರ್ ಮಾಡಲೇಬೇಕು ಅಂತಿದ್ದರೆ ಜೇ ಹಬ್ಬದ ಒಂಬತ್ತು ದಿನ ಹೋಗಿ. ಯಾವರಾತ್, ಅಂದರೆ ಅಲ್ಲಿನ ಚೈನಾಟೌನ್ ರಸ್ತೆ, ಹಳದಿ ಬಾವುಟಗಳಿಂದ ತುಂಬಿರುತ್ತದೆ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಹಬ್ಬ ಅದು. 2023ರಲ್ಲಿ ನಮ್ಮ ನವರಾತ್ರಿಯೂ ಅದೂ ಅಕ್ಟೋಬರ್ 15ಕ್ಕೇ ಶುರುವಾಗಿದ್ದವು, 2025ರಲ್ಲಿ ಹೆಚ್ಚುಕಡಿಮೆ ಒಂದು ತಿಂಗಳ ಅಂತರ ಬಿತ್ತು. ಹಾಗಾಗಿ ದಸರಾ ರಜೆ ನಂಬಿಕೊಂಡು ಟಿಕೆಟ್ ಮಾಡಿಸಬೇಡಿ, ತಾರೀಖು ನೋಡಿಕೊಳ್ಳಿ.

ಪ್ರಶ್ನೆ: ಕ್ಲಾಸಲ್ಲಿ ಕುಟ್ಟಿದ ಪೇಸ್ಟ್ ಮನೆಗೆ ತರಬಹುದಾ?
– ಓದುಗರು, ಶಿವಮೊಗ್ಗ

ಉತ್ತರ: ಕೈಚೀಲದಲ್ಲಿ ಬೇಡ. ಪೇಸ್ಟನ್ನೂ ದ್ರವದ ಲೆಕ್ಕಕ್ಕೆ ಹಾಕುತ್ತಾರೆ, ನೂರು ಮಿಲಿ ದಾಟಿದರೆ ವಿಮಾನ ನಿಲ್ದಾಣದಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಹಸಿ ಪೇಸ್ಟ್ ದಾರಿಯಲ್ಲಿ ಹುಳಿಯಾಗುವ ಸಾಧ್ಯತೆಯೂ ಇದೆ. ನಿಮ್ಮದು ಶಿವಮೊಗ್ಗ, ನಿಂಬೆಹುಲ್ಲು ಹಿತ್ತಲಲ್ಲೇ ಇರಬೇಕು, ಅದೇ ಮಜ್ಜಿಗೆ ಹುಲ್ಲು. ರೆಸಿಪಿ ಬರೆದುಕೊಂಡು ಬನ್ನಿ, ಸಾಕು.