ಅಪ್ಪನ ಕಾಫಿ ಲೋಟ ಮತ್ತು ಡೋಪಮಿನ್‌ನ ನೆರೆಹೊರೆ

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರ ಚಿಕ್ಕ ರೋಬಸ್ಟಾ ತೋಟ. ಅಪ್ಪನಿಗೆ 71 ವರ್ಷ. ನಾಲ್ಕು ವರ್ಷದಿಂದ ಪಾರ್ಕಿನ್ಸನ್ ಇದೆ, ಲೆವೊಡೋಪ (ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಔಷಧಿ) ಮಾತ್ರೆ ನಡೆಯುತ್ತಿದೆ. ಕಾಫಿ ಕುಡಿದರೆ ನರಕೋಶಗಳ ನಡುವೆ ಸುದ್ದಿ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕ ಹೆಚ್ಚಿ ನಡುಕ ನಿಲ್ಲುತ್ತದೆ ಅಂತ ಯಾರೋ ಹೇಳಿದ ಮೇಲೆ ದಿನಕ್ಕೆ ಆರೇಳು ಲೋಟ ಕುಡಿಯುತ್ತಾರೆ. ರಾತ್ರಿ ನಿದ್ದೆಯೇ ಇಲ್ಲ. ಇದು ನಿಜವೇ ಡಾಕ್ಟ್ರೇ? ಇನ್ನೊಂದು ಸಂಶಯ. ಡೋಪಮಿನ್ ಕೆಲವು ನರಕೋಶಗಳನ್ನು ಎಬ್ಬಿಸುತ್ತದೆ, ಕೆಲವನ್ನು ಸುಮ್ಮನಾಗಿಸುತ್ತದೆ ಅಂತ ಓದಿದೆ. ಒಂದೇ ವಸ್ತು ಎರಡು ತದ್ವಿರುದ್ಧ ಕೆಲಸ ಹೇಗೆ ಮಾಡುತ್ತದೆ?

ಉತ್ತರ: ಎರಡನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅಪ್ಪನ ಕಾಫಿಯ ಉತ್ತರವೂ ಅದರೊಳಗೇ ಇದೆ.

ತೋಟದವರಿಗೆ ಇದನ್ನು ಹೇಳುವುದು ಸುಲಭ. ಜನವರಿಯಲ್ಲಿ ಕಣದಲ್ಲಿ ಕಾಫಿ ಹರಡಿರುವಾಗ ಮಳೆ ಬಂದರೆ ಬೂಷ್ಟು ಹಿಡಿಯುತ್ತದೆ. ಮಾರ್ಚ್‌ನಲ್ಲಿ ಮೊಗ್ಗಿನ ಮೇಲೆ ಬಿದ್ದರೆ ಅದೇ ಹೂಮಳೆ. ನೀರಿನಲ್ಲಿ ವ್ಯತ್ಯಾಸವಿಲ್ಲ, ಬಿದ್ದ ಜಾಗದಲ್ಲಿದೆ. ಡೋಪಮಿನ್ ಕೂಡ ಹಾಗೆಯೇ. ಅದು ನರಕೋಶದ ಮೇಲಿನ ಯಾವ ರಿಸೆಪ್ಟರಿಗೆ (ಸಂದೇಶ ಹಿಡಿಯುವ ಪ್ರೋಟೀನಿಗೆ) ಬಂದು ಅಂಟಿತು, ಆ ರಿಸೆಪ್ಟರಿನ ಒಳಮಗ್ಗುಲಲ್ಲಿ ಯಾವ ಪ್ರೋಟೀನುಗಳಿವೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಮಿದುಳಿನ ಆಳದಲ್ಲಿ ಸ್ಟ್ರಯೇಟಮ್ ಎಂಬ ಭಾಗವಿದೆ. ನಮ್ಮ ಚಲನೆಯನ್ನು ಹದದಲ್ಲಿಡುವುದು ಅದರ ಒಂದು ಮುಖ್ಯ ಕೆಲಸ. ಅಲ್ಲಿನ ಬಹುಪಾಲು ನರಕೋಶಗಳು ಎರಡು ಬಗೆಯವು: ಡಿ1 ಎಂಬ ಡೋಪಮಿನ್ ರಿಸೆಪ್ಟರ್ ಇರುವವು ಚಲನೆಗೆ ದಾರಿ ಬಿಡುತ್ತವೆ, ಡಿ2 ಇರುವವು ಬ್ರೇಕ್ ಹಾಕುತ್ತವೆ. ಡಿ1ರ ಪಕ್ಕದಲ್ಲಿರುವುದು ಜಿ-ಆಲ್ಫ್ ಎಂಬ ಪ್ರೋಟೀನ್. ಇದನ್ನು ಮೊದಲು ಗುರುತಿಸಿದ್ದು ಮೂಗಿನಲ್ಲಿ. ತೋಟ ಹೂಬಿಟ್ಟ ದಿನ ಆ ಘಮ ನಿಮಗೆ ತಿಳಿಯುವುದು ಇದರಿಂದಲೇ. ಇದು ಕೋಶದೊಳಗೆ ಒಂದು ಕಿಣ್ವವನ್ನು ಕೆಲಸಕ್ಕೆ ಹಚ್ಚಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶ ರಾಸಾಯನಿಕವನ್ನು ಹೆಚ್ಚಿಸುತ್ತದೆ. ಡಿ2ರ ಪಕ್ಕದಲ್ಲಿರುವುದು ಇದೇ ಗುಂಪಿನ ಬೇರೆ ಪ್ರೋಟೀನ್, ಅದು ಅದೇ ಬಗೆಯ ಕಿಣ್ವದ ಕೈ ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ಒಂದೇ ಡೋಪಮಿನ್ ಡಿ1 ಕೋಶಗಳನ್ನು ಎಬ್ಬಿಸುತ್ತದೆ, ಬ್ರೇಕ್ ಹಾಕುವ ಡಿ2 ಕೋಶಗಳನ್ನು ಸುಮ್ಮನಾಗಿಸುತ್ತದೆ.

ನನಗೆ ಇವತ್ತಿಗೂ ಬೆರಗು ಹುಟ್ಟಿಸುವುದು ಇದರ ಮುಂದಿನ ಸಂಗತಿ. ಈ ಸಂದೇಶ ಕೋಶದ ತುಂಬ ಹರಡಿದರೆ ಎಲ್ಲವೂ ಕಲಸಿಹೋಗುತ್ತಿತ್ತು. ಹಾಗಾಗದಂತೆ, ಸಂದೇಶವನ್ನು ಓದುವ ಪಿಕೆಎ ಎಂಬ ಕಿಣ್ವವನ್ನು ಲಂಗರು ಪ್ರೋಟೀನುಗಳು ಬೇಕಾದ ಕಡೆಯೇ ಕಟ್ಟಿಹಾಕಿವೆ. ಫಾಸ್ಫೋಡೈಎಸ್ಟರೇಸ್ ಎಂಬ ಇನ್ನೊಂದು ಗುಂಪಿನ ಕಿಣ್ವಗಳು ಹೊರಗೆ ಹರಿದದ್ದನ್ನು ಅಲ್ಲಲ್ಲೇ ಒರೆಸುತ್ತವೆ. ಗದ್ದೆಗೆ ಏರಿ ಹಾಕಿ ನೀರು ನಿಲ್ಲಿಸಿದಂತೆ. ಅಮೆರಿಕದ ನರವಿಜ್ಞಾನಿ ಪಾಲ್ ಗ್ರೀನ್‌ಗಾರ್ಡ್ ಅವರ ತಂಡ 1983ರಲ್ಲಿ ಡಾರ್ಪ್-32 ಎಂಬ ಪ್ರೋಟೀನನ್ನು ಇದೇ ಕೋಶಗಳಲ್ಲಿ ಗುರುತಿಸಿತು. ಅದರ ಅಮೈನೊ ಆಮ್ಲಗಳ ಸರಪಳಿಯ 34ನೇ ಜಾಗಕ್ಕೆ ಪಿಕೆಎ ಒಂದು ಫಾಸ್ಫೇಟ್ ಅಂಟಿಸಿದರೆ ಡೋಪಮಿನ್‌ನ ಸಂದೇಶಕ್ಕೆ ಬಲ ಬರುತ್ತದೆ. ಬೇರೊಂದು ಕಿಣ್ವ 75ನೇ ಜಾಗಕ್ಕೆ ಅಂಟಿಸಿದರೆ ಅದೇ ಡಾರ್ಪ್-32 ತಿರುಗಿ ಪಿಕೆಎಯನ್ನೇ ತಡೆಯುತ್ತದೆ! ಗ್ರೀನ್‌ಗಾರ್ಡ್ 2000ದಲ್ಲಿ ನೊಬೆಲ್ ಹಂಚಿಕೊಂಡರು.

ಈಗ ಕಾಫಿ. ಕೆಫೀನ್ ಹೋಗಿ ಕೂರುವುದು ಡೋಪಮಿನ್ ರಿಸೆಪ್ಟರಿನಲ್ಲಲ್ಲ, ಅದರ ನೆರೆಯವನ ಮನೆಯಲ್ಲಿ. ಬ್ರೇಕ್ ಹಾಕುವ ಡಿ2 ಕೋಶಗಳಲ್ಲೇ, ಡಿ2ರ ಮಗ್ಗುಲಿಗೆ, ಮೈಯಲ್ಲೇ ತಯಾರಾಗುವ ರಾಸಾಯನಿಕವಾದ ಅಡೆನೊಸಿನ್‌ಗೆಂದು ಎ2ಎ ಎಂಬ ರಿಸೆಪ್ಟರ್ ಇದೆ. ಡಿ2 ಇಳಿಸುವ ಸೈಕ್ಲಿಕ್ ಎಎಂಪಿಯನ್ನು ಇದು ಏರಿಸುತ್ತದೆ. ಪಾರ್ಕಿನ್ಸನ್‌ನಲ್ಲಿ ಡೋಪಮಿನ್ ಕಡಿಮೆಯಾಗಿ ಡಿ2ರ ಹಿಡಿತ ಸಡಿಲವಾದಾಗ ಎ2ಎಗೆ ಎದುರಾಳಿಯೇ ಇಲ್ಲ, ಬ್ರೇಕ್ ಬಿಗಿಯಾಗುತ್ತದೆ. ಕೆಫೀನ್ ಎ2ಎಗೆ ಅಡ್ಡ ನಿಲ್ಲುತ್ತದೆ. ಹಾಗಾಗಿ ನಿಮಗೆ ಹೇಳಿದವರ ಮಾತಿಗೆ ಬುಡವೇ ಇಲ್ಲ ಎನ್ನಲಾರೆ. ಇದೇ ಜಾಗವನ್ನು ಗುರಿಯಾಗಿಸಿದ ಇಸ್ಟ್ರಾಡಿಫಿಲಿನ್ ಎಂಬ ಔಷಧಿಗೆ ಜಪಾನ್‌ನಲ್ಲಿ 2013ರಲ್ಲಿ, ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿದೆ, ಅದೂ ಲೆವೊಡೋಪದ ಜೊತೆಗೆ ಕೊಡಲು.

ಆದರೆ ಕಾಫಿ ಔಷಧಿಯಲ್ಲ. ಹವಾಯಿಯ ಜಪಾನಿ ಮೂಲದ ಗಂಡಸರನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಕಾಫಿ ಕುಡಿಯುವವರಲ್ಲಿ ಪಾರ್ಕಿನ್ಸನ್ ಬಂದದ್ದು ಕಡಿಮೆ. ಅದು ಕಾಯಿಲೆ ಬರುವ ಮುಂಚಿನ ಲೆಕ್ಕ. ಈಗಾಗಲೇ ಕಾಯಿಲೆ ಇರುವವರಿಗೆ ಕೆಫೀನ್ ಕೊಟ್ಟು ನೋಡಿದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚಲನೆಯ ತೊಂದರೆ ಸುಧಾರಿಸಲಿಲ್ಲ. ಆರೇಳು ಲೋಟದಿಂದ ಅಪ್ಪನಿಗೆ ಖಂಡಿತವಾಗಿ ಸಿಗುತ್ತಿರುವುದು ನಿದ್ದೆಗೇಡು. ನಿದ್ದೆಗೆಟ್ಟ ಮರುದಿನ ನಡುಕ, ಬಿಗಿತ ಹೆಚ್ಚೇ ಕಾಣಬಹುದು. ಬೆಳಿಗ್ಗೆ ಒಂದೆರಡು ಲೋಟ ಇರಲಿ, ಮಧ್ಯಾಹ್ನದ ಮೇಲೆ ಬೇಡ. ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಬರಬಹುದು, ಒಂದು ವಾರದಲ್ಲಿ ಮೆಲ್ಲಗೆ ಇಳಿಸಿ.

ಕಾಫಿಗಿಂತ ಹೆಚ್ಚು ಗಮನ ಬೇಕಾದದ್ದು ಊಟದ ಹೊತ್ತಿಗೆ. ಮಾಂಸದ ಪ್ರೋಟೀನ್ ಕರಗಿ ಬರುವ ಅಮೈನೊ ಆಮ್ಲಗಳೂ ಲೆವೊಡೋಪವೂ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಒಂದೇ ಬಾಗಿಲಲ್ಲಿ ನುಗ್ಗಬೇಕು. ಕಡಂಬಿಟ್ಟು, ಪಂದಿ ಕರಿ ಉಂಡ ಕೂಡಲೇ ನುಂಗಿದ ಮಾತ್ರೆ ಸರಿಯಾಗಿ ಹತ್ತದೇ ಇರಬಹುದು. ಪಂದಿ ಕರಿ ಬಿಡಬೇಕಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲೋ, ಊಟವಾಗಿ ಒಂದೆರಡು ಗಂಟೆ ಬಿಟ್ಟೋ ಮಾತ್ರೆ ಕೊಡಿ. ಮಾತ್ರೆಯ ಪ್ರಮಾಣವನ್ನು ಮಾತ್ರ ನೀವಾಗಿ ಬದಲಿಸಬೇಡಿ. ಹದಿನೈದು ದಿನ ಒಂದು ನೋಟ್‌ಬುಕ್ಕಿನಲ್ಲಿ ಮಾತ್ರೆ, ಊಟ, ಕಾಫಿಯ ಸಮಯವನ್ನೂ ಅಪ್ಪನ ಕೈಕಾಲು ಯಾವಾಗ ಸಲೀಸಾಗಿತ್ತು, ಯಾವಾಗ ಬಿಗಿದಿತ್ತು ಎಂಬುದನ್ನೂ ಬರೆದಿಡಿ. ಮುಂದಿನ ಸಲ ನರರೋಗ ತಜ್ಞರ ಹತ್ತಿರ ಹೋಗುವಾಗ ಆ ಪುಸ್ತಕ ಕೈಯಲ್ಲಿರಲಿ.